ಖಾರದ ಸಾಲ್ಮನ್ ರೈಸ್ ಬೌಲ್: ಕಾಸರಗೋಡಿನ ಅಡುಗೆಮನೆಗೊಂದು ಸಮಗ್ರ ಮಾರ್ಗದರ್ಶಿ

ಸಾಲ್ಮನ್ ತುಂಡುಗಳಿಗೆ ಅಂಜಲ್ ಮೀನಿಗೆ ಮಾಡುವ ಹಾಗೆಯೇ ಮೆಣಸು, ಹುಳಿ, ಅರಸಿನದ ಮಸಾಲೆ ಮೆತ್ತಿ, ರಾತ್ರಿಯಿಡೀ ಇರಿಸಿ, ಮರುದಿನ ತೆಂಗಿನೆಣ್ಣೆಯಲ್ಲಿ ಕೆಂಪಗೆ ಕಾಯಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತವನು. ದುಬಾಯಿಯಿಂದ ರಜೆಯಲ್ಲಿ ಬಂದಿದ್ದ ಭಾವ, ಅಲ್ಲಿ ಕೆಲಸ ಮುಗಿಸಿ ಬರುವಾಗ ತಿನ್ನುತ್ತಿದ್ದ ಖಾರದ ಸಾಲ್ಮನ್ ರೈಸ್ ಬೌಲಿನ, ಅಂದರೆ ಬೋಗುಣಿಯಲ್ಲಿ ಅನ್ನದ ಮೇಲೆ ಮೀನು, ತರಕಾರಿ, ಸಾಸ್ ಹಾಕಿ ಕೊಡುವ ಊಟದ ಬಗ್ಗೆ ಎರಡು ದಿನ ಹೇಳಿದ್ದನ್ನು ಕೇಳಿ, ಮಂಗಳೂರಿಗೆ ಹೋದವನು ಅರ್ಧ ಕಿಲೋ ಮೀನು ತಂದಿದ್ದೆ. ಕಾವಲಿಯಿಂದ ಇಳಿಸುವಾಗ ತುಂಡುಗಳ ಬದಿಗಳಿಂದ ಮೊಸರಿನ ಗಡ್ಡೆಯಂತಹ ಬಿಳಿಯ ವಸ್ತು ಒಸರಿತ್ತು, ಮಸಾಲೆ ಕರಟಿತ್ತು, ಒಳಗಿನ ಮಾಂಸ ಹಿಟ್ಟು ಹಿಟ್ಟಾಗಿತ್ತು. "ಇದಕ್ಕೆ ನಮ್ಮ ಬಂಗುಡೆಯೇ ಸಾಕಿತ್ತಲ್ಲ ಮಾರಾಯ" ಎಂದು ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು.

ತಪ್ಪು ಮೀನಿನದ್ದಾಗಿರಲಿಲ್ಲ. ನಮ್ಮ ಪುಳಿಮುಂಚಿಯಲ್ಲಾಗಲಿ, ಕಾಯಿಸಿದ ಮೀನಿನಲ್ಲಾಗಲಿ ಖಾರವು ಮೀನಿನ ಒಳಗೆ ಇಳಿಯಬೇಕು. ಸಾಲ್ಮನ್ನಿನಲ್ಲಿ ಖಾರವು ಮೀನಿನ ಮೇಲೆ ತೆಳುವಾದ ಲೇಪವಾಗಿ ಕುಳಿತುಕೊಳ್ಳಬೇಕು, ಮತ್ತು ಕೊನೆಯ ಅರ್ಧ ನಿಮಿಷದಲ್ಲಿ ಬಂದು ಕುಳಿತುಕೊಳ್ಳಬೇಕು. ಮುಂದೆ ವಿವರಿಸುವ ಕ್ರಮವೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು. ಇಲ್ಲಿನ ಅಳತೆಗಳು ನಾಲ್ಕು ಮಂದಿಗೆ ಸಾಕಾಗುತ್ತವೆ. ಅಕ್ಕಿ ನೆನೆಯುವ ಸಮಯವೂ ಸೇರಿ ಒಂದೂಕಾಲು ಗಂಟೆ ಬೇಕು. ಮೀನು ಒಲೆಯ ಮೇಲಿರುವುದು ಅದರಲ್ಲಿ ಐದು ನಿಮಿಷ ಮಾತ್ರ.

ಮೀನನ್ನು ಆರಿಸುವುದು

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮ ಕಡಲಿನಲ್ಲಿ ಸಿಗುವ ರಾವಸ್ ಮೀನನ್ನು ಎಷ್ಟೋ ಅಂಗಡಿಗಳಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಬರೆದು ಮಾರುತ್ತಾರೆ. ರಾವಸ್ ಒಳ್ಳೆಯ ಮೀನೇ, ಆದರೆ ಅದಕ್ಕೂ ಸಾಲ್ಮನ್ನಿಗೂ ಕುಲಸಂಬಂಧವಿಲ್ಲ. ನಿಜವಾದ ಸಾಲ್ಮನ್ ತಣ್ಣೀರಿನ ಮೀನು. ನಮ್ಮ ಕಡೆಗೆ ಬರುವುದು ಹೆಚ್ಚಾಗಿ ನಾರ್ವೆಯಂತಹ ದೇಶಗಳಲ್ಲಿ ಸಮುದ್ರದೊಳಗಿನ ಬಲೆಗೂಡುಗಳಲ್ಲಿ ಸಾಕಿದ ಅಟ್ಲಾಂಟಿಕ್ ಸಾಲ್ಮನ್. ಗುರುತಿಸುವುದು ಕಷ್ಟವಲ್ಲ. ಸಾಲ್ಮನ್ನಿನ ಮಾಂಸ ಕಿತ್ತಳೆ ಬಣ್ಣದ್ದಾಗಿದ್ದು, ಅದರ ನಡುನಡುವೆ ಕೊಬ್ಬಿನ ಬಿಳಿಯ ಗೆರೆಗಳು ಒಂದರ ಪಕ್ಕ ಒಂದರಂತೆ ಕಾಣುತ್ತವೆ. ರಾವಸಿನ ಮಾಂಸ ಹೆಚ್ಚುಕಡಿಮೆ ಬಿಳಿ. ಸಾಲ್ಮನ್ನಿನ ಬಣ್ಣಕ್ಕೆ ಕಾರಣ ಅಸ್ಟಾಕ್ಸಾಂತಿನ್ ಎಂಬ ವರ್ಣದ್ರವ್ಯ. ಕಾಡುಮೀನಿಗೆ ಅದು ಸಿಗಡಿಯ ಜಾತಿಯ ಸಣ್ಣ ಜೀವಿಗಳಿಂದ ಸಿಗುತ್ತದೆ, ಸಾಕುಮೀನಿಗೆ ಆಹಾರದಲ್ಲಿ ಬೆರೆಸಿ ಕೊಡುತ್ತಾರೆ. ಹಾಗಾಗಿ ಬಣ್ಣ ಗಾಢವಾಗಿದ್ದ ಮಾತ್ರಕ್ಕೆ ಮೀನು ಹೆಚ್ಚು ತಾಜಾ ಎಂದು ತಿಳಿಯಬಾರದು.

ಕುಂಬಳೆ, ಉಪ್ಪಳ, ಬದಿಯಡ್ಕದ ಮೀನುಮಾರುಕಟ್ಟೆಗಳಲ್ಲಿ ಸಾಲ್ಮನ್ನನ್ನು ಹುಡುಕುವುದು ವ್ಯರ್ಥ. ಮಂಗಳೂರಿನ ಕಡೆ ಹೋಗುವವರು ಅಲ್ಲಿನ ದೊಡ್ಡ ಸೂಪರ್ ಮಾರ್ಕೆಟುಗಳ ಶೀತಪೆಟ್ಟಿಗೆಗಳನ್ನು ನೋಡಬಹುದು. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿದ್ದು, ಆ ದಿನಗಳಲ್ಲಿ ಊರಿನ ಮೀನಿನ ಬೆಲೆಯೇ ಏರಿ ನಿಂತಿರುವುದರಿಂದ, ಹೊರಗಿನಿಂದ ಬಂದ ಮೀನಿಗೆ ಕೊಟ್ಟ ದುಡ್ಡು ಅಷ್ಟಾಗಿ ಚುಚ್ಚುವುದಿಲ್ಲ. ನಾನು ಈ ಅಡುಗೆಯನ್ನು ಹೆಚ್ಚಾಗಿ ಆಟಿಯ ಮಳೆಯಲ್ಲಿಯೇ ಮಾಡುವುದಕ್ಕೆ ಇದೂ ಒಂದು ಕಾರಣ.

500 ಗ್ರಾಂ ಮೀನು ಬೇಕು, ಚರ್ಮ ಇರಲಿ. ಬಾಲದ ಭಾಗ ತೆಳುವಾಗಿ, ಹೊಟ್ಟೆಯ ಭಾಗ ಕೊಬ್ಬಿನಿಂದ ತುಂಬಿ ಇರುವುದರಿಂದ ಎರಡೂ ಒಂದೇ ಹೊತ್ತಿಗೆ ಬೇಯುವುದಿಲ್ಲ. ಒಂದೇ ದಪ್ಪದ ನಡುಭಾಗವನ್ನು ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಪೊಟ್ಟಣದೊಳಗೆ ಮಂಜಿನ ಹರಳುಗಳು ರಾಶಿಯಾಗಿದ್ದರೆ, ಅಥವಾ ಮಾಂಸದ ಅಂಚು ಒಣಗಿ ಬಿಳಿಚಿಕೊಂಡಿದ್ದರೆ, ಅದು ನಡುವೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮೀನಿರಬಹುದು. ಅದನ್ನು ಬಿಡಬೇಕು. ಹೊಗೆ ಹಾಕಿದ ಸಾಲ್ಮನ್ ಎಂಬ ಹೆಸರಿನ ತೆಳು ಹಾಳೆಗಳು ಈ ಅಡುಗೆಗೆ ಸಲ್ಲವು.

ಹಸಿಯಾಗಿ ತಿನ್ನುವ ಪ್ರಶ್ನೆ

ಈ ಬಗೆಯ ಬೋಗುಣಿಗಳಲ್ಲಿ ಕೆಲವು ಕಡೆ ಸಾಲ್ಮನ್ನನ್ನು ಬೇಯಿಸದೆ ಬಡಿಸುತ್ತಾರೆ. ಜಪಾನಿನಲ್ಲಿ ಕೂಡ ಸಾಲ್ಮನ್ನನ್ನು ಹಸಿಯಾಗಿ ಸುಶಿಯಲ್ಲಿ ತಿನ್ನುವುದು ಹಳೆಯ ವಾಡಿಕೆಯಲ್ಲ. ಅಲ್ಲಿನ ಕಾಡು ಸಾಲ್ಮನ್ನಿನಲ್ಲಿ ಪರೋಪಜೀವಿ ಹುಳಗಳಿರುತ್ತವೆ ಎಂದು ಅದನ್ನು ಬೇಯಿಸಿಯೇ ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕುಮೀನನ್ನು ಅಲ್ಲಿ ಮಾರಲು ಪಟ್ಟ ಪ್ರಯತ್ನದ ಬಳಿಕವೇ ಆ ರೂಢಿ ಹರಡಿದ್ದು. ಹಸಿಮೀನಿನ ಹುಳಗಳನ್ನು ಕೊಲ್ಲಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇರಿಸಬೇಕೆಂಬುದು ಅಮೆರಿಕದ ಆಹಾರ ಇಲಾಖೆಯ ಮಾನದಂಡ. ನಮ್ಮ ಮನೆಯ ಫ್ರೀಜರ್ ಹೆಚ್ಚೆಂದರೆ ಮೈನಸ್ 18ರ ಹತ್ತಿರ ನಿಲ್ಲುತ್ತದೆ. ಕರೆಂಟು ಹೋಗಿ ಬರುವ ಮಳೆಗಾಲದಲ್ಲಿ ಅದೂ ಇಲ್ಲ. ಶೀತವು ಹುಳಗಳನ್ನು ಕೊಂದರೂ ಬ್ಯಾಕ್ಟೀರಿಯಾಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೀನನ್ನು ಬೇಯಿಸಲಾಗುತ್ತದೆ, ಈ ವಿಷಯದಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ.

ಕರಗಿಸುವುದು ಮತ್ತು ಸಿದ್ಧಪಡಿಸುವುದು

ಗಟ್ಟಿಯಾದ ಮೀನನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಬೇಕು. ಇಲ್ಲೊಂದು ಮುಖ್ಯ ಸಂಗತಿಯಿದೆ: ಗಾಳಿ ತೆಗೆದು ಮುಚ್ಚಿದ ಪ್ಲಾಸ್ಟಿಕ್ ಪೊಟ್ಟಣವನ್ನು ಒಡೆದು, ಮೀನನ್ನು ಹೊರತೆಗೆದು, ಮುಚ್ಚಳವಿರುವ ಪಾತ್ರೆಯಲ್ಲಿ ಇರಿಸಿ ಕರಗಿಸಬೇಕು. ಆಮ್ಲಜನಕವಿಲ್ಲದ ಕಡೆ, ಫ್ರಿಜ್ಜಿನ ತಂಪಿನಲ್ಲಿಯೂ ಬೆಳೆಯಬಲ್ಲ ಬಾಟ್ಯುಲಿಸಂ ಎಂಬ ಆಹಾರವಿಷದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಒಂದು ಬಗೆ ಮೀನಿನಲ್ಲಿ ಇರುವ ಸಾಧ್ಯತೆಯಿರುವುದೇ ಇದಕ್ಕೆ ಕಾರಣ. ಅಡುಗೆಕಟ್ಟೆಯ ಮೇಲೆ ಬಿಟ್ಟು, ಅಥವಾ ಬಿಸಿನೀರಿನಲ್ಲಿ ಮುಳುಗಿಸಿ ಕರಗಿಸುವ ಅವಸರ ಬೇಡ. ಒಮ್ಮೆ ಕರಗಿದ ಹಸಿಮೀನನ್ನು ಮತ್ತೆ ಫ್ರೀಜರಿಗೆ ಹಾಕಿದರೆ ಅದರ ನೀರೆಲ್ಲ ಸೋರಿ ರುಚಿ ಕೆಡುತ್ತದೆ.

ಕರಗಿದ ಮೀನಿನ ಮಾಂಸದ ಮೇಲೆ ಬೆರಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ನಡುಗೆರೆಯ ಉದ್ದಕ್ಕೆ ಸಣ್ಣ ಮುಳ್ಳುಗಳ ತುದಿ ಸಿಗುತ್ತದೆ. ಅವುಗಳನ್ನು ಚಿಮುಟದಿಂದ ಹಿಡಿದು, ಮುಳ್ಳು ಬಾಗಿರುವ ದಿಕ್ಕಿಗೇ ಎಳೆದು ತೆಗೆಯಬೇಕು. ಎದುರು ಎಳೆದರೆ ಮಾಂಸ ಕಿತ್ತುಬರುತ್ತದೆ. ಬಳಿಕ ಚರ್ಮ ಕೆಳಗೆ ಬರುವಂತೆ ಹಲಗೆಯ ಮೇಲಿಟ್ಟು, ಒಂದು ತುದಿಯಲ್ಲಿ ಚರ್ಮಕ್ಕೂ ಮಾಂಸಕ್ಕೂ ನಡುವೆ ಚೂರಿಯನ್ನು ಹೊಗಿಸಿ, ಚೂರಿಯನ್ನು ಸ್ಥಿರವಾಗಿ ಹಿಡಿದು ಚರ್ಮವನ್ನೇ ಅತ್ತಿತ್ತ ಎಳೆಯುತ್ತ ಹೋದರೆ ಅದು ಬಿಡಿಸಿಕೊಳ್ಳುತ್ತದೆ. ಚರ್ಮವನ್ನು ಎಸೆಯಬಾರದು, ಅದಕ್ಕೆ ಮುಂದೆ ಕೆಲಸವಿದೆ. ಮಾಂಸವನ್ನು ಒಂದಿಂಚಿನ ಚೌಕ ತುಂಡುಗಳಾಗಿ ಕತ್ತರಿಸಬೇಕು. ಇದಕ್ಕಿಂತ ಸಣ್ಣದಾದರೆ ಹೊರಭಾಗ ಬಣ್ಣ ಹಿಡಿಯುವ ಮೊದಲೇ ಒಳಗು ಅತಿಯಾಗಿ ಬೆಂದಿರುತ್ತದೆ.

ನನ್ನ ಮೊದಲ ಪ್ರಯತ್ನದಲ್ಲಿ ಒಸರಿದ್ದ ಬಿಳಿಯ ವಸ್ತು ಆಲ್ಬುಮಿನ್ ಎಂಬ ಪ್ರೋಟೀನು. ಬಿಸಿಯಾದ ಸ್ನಾಯುಗಳು ಹಿಂಡಿಕೊಂಡಾಗ ಅದು ಹೊರಗೆ ಬಂದು ಹೆಪ್ಪುಗಟ್ಟುತ್ತದೆ. ಅಪಾಯವೇನೂ ಇಲ್ಲ, ನೋಡಲು ಮಾತ್ರ ಚಂದವಿಲ್ಲ. ಅದನ್ನು ತಡೆಯಲು ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಉಪ್ಪು ಕರಗಿಸಿ, ತುಂಡುಗಳನ್ನು ಅದರಲ್ಲಿ ಹತ್ತು ನಿಮಿಷ ಮಾತ್ರ ಮುಳುಗಿಸಿ ತೆಗೆದು, ಶುಚಿಯಾದ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಉಪ್ಪುನೀರು ಮೇಲ್ಪದರದ ಪ್ರೋಟೀನನ್ನು ಸ್ವಲ್ಪ ಕರಗಿಸುವುದರಿಂದ ಬಿಸಿಯಲ್ಲಿ ಅದು ಅಷ್ಟಾಗಿ ಹಿಂಡಿಕೊಳ್ಳುವುದಿಲ್ಲ, ಮೀನಿಗೆ ಒಂದೇ ಸಮನಾಗಿ ಉಪ್ಪೂ ಹಿಡಿಯುತ್ತದೆ. ಒದ್ದೆ ಮೀನು ಕಾವಲಿಯಲ್ಲಿ ಹುರಿಯದೆ ಬೇಯುತ್ತದೆ. ಆದ್ದರಿಂದ ಒಣಗಿಸುವ ಕೆಲಸದಲ್ಲಿ ಸೋಮಾರಿತನ ಸಲ್ಲದು.

ಅನ್ನ: ಬೆಳ್ತಿಗೆಯೋ ಕುಚ್ಚಿಲೋ

ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟದ ಅಂಶ ಕಡಿಮೆಯಿರುವುದರಿಂದ ಅದರ ಅನ್ನ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದನ್ನು ಕೋಲಿನಿಂದ ಎತ್ತಬಹುದು, ರಸವೂ ಅದರ ಮೇಲೆಯೇ ನಿಲ್ಲುತ್ತದೆ. ಆ ಅಕ್ಕಿ ಸಿಕ್ಕಿದರೆ ಎರಡು ಕಪ್ಪಿಗೆ ಎರಡೂವರೆ ಕಪ್ ನೀರು ಸಾಕು. ಸಿಗದಿದ್ದರೆ ನೀರುದೋಸೆಗೆ ತಂದಿಟ್ಟ ಬೆಳ್ತಿಗೆ ಅಕ್ಕಿಯಿಂದಲೇ ಸುಧಾರಿಸಬಹುದು. ಬಿರಿಯಾನಿಯ ಜೀರಕಸಾಲೆಯಾಗಲಿ, ಬಾಸ್ಮತಿಯಾಗಲಿ ಬೇಡ. ಅವುಗಳ ಪರಿಮಳ ಮೀನಿನೊಂದಿಗೆ ಜಗಳವಾಡುತ್ತದೆ.

ಕುಚ್ಚಿಲಕ್ಕಿಯ ಅನ್ನದ ಮೇಲೆ ಇದನ್ನು ಬಡಿಸಬಹುದೇ ಎಂದು ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ, ಏಕೆಂದರೆ ಮಧ್ಯಾಹ್ನಕ್ಕೆ ಬೇರೆ ಅನ್ನ ಉಂಡರೆ ಉಂಡಂತೆಯೇ ಆಗದವರು ಮನೆಗೊಬ್ಬರಾದರೂ ಇರುತ್ತಾರೆ. ಭತ್ತವನ್ನು ಹೊಟ್ಟಿನೊಂದಿಗೇ ಬೇಯಿಸಿ ಒಣಗಿಸುವಾಗ ಅಕ್ಕಿಯೊಳಗಿನ ಪಿಷ್ಟ ಒಮ್ಮೆ ಬೆಂದು ಮತ್ತೆ ಗಟ್ಟಿಯಾಗಿರುವುದರಿಂದ, ಆ ಅನ್ನದ ಅಗುಳುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ವಿನೆಗರಿನ ಲೇಪವನ್ನು ಅವು ಹಿಡಿದುಕೊಳ್ಳುವುದಿಲ್ಲ. ಅಮ್ಮನ ಒತ್ತಾಯಕ್ಕೆ ಒಮ್ಮೆ ಮಾಡಿ ನೋಡಿದೆ. ಕೆಟ್ಟದಾಗಿರಲಿಲ್ಲ, ಆದರೆ ಅದು ಬೇರೆಯೇ ಊಟವಾಗಿತ್ತು: ವಿನೆಗರನ್ನು ಬಿಟ್ಟು, ಬಸಿದ ಬಿಸಿ ಅನ್ನದ ಮೇಲೆ ಮೀನನ್ನೂ ಅದರ ರಸವನ್ನೂ ಹಾಕಿಕೊಂಡರೆ ಸಾಕು. ಮೊದಲ ಸಲ ಮಾಡುವವರು ಬೆಳ್ತಿಗೆಯನ್ನೇ ಹಿಡಿಯಲಿ.

ಎರಡು ಕಪ್, ಅಂದರೆ ಸುಮಾರು 400 ಗ್ರಾಂ ಬೆಳ್ತಿಗೆ ಅಕ್ಕಿಯನ್ನು ನೀರು ಬಹುಮಟ್ಟಿಗೆ ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ಬಸಿಯಬೇಕು. ತೊಳೆಯುವಾಗ ಹೋಗುವುದು ಹೊರಗಿನ ಪಿಷ್ಟದ ಹುಡಿ. ಅದು ಉಳಿದರೆ ಅನ್ನ ಅಂಟುವುದರ ಬದಲು ಗಂಜಿಯಂತೆ ಲೋಳೆಯಾಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಮೂರು ಕಪ್ ನೀರಿನೊಂದಿಗೆ ಕುದಿಬರಿಸಿ, ಕುದಿದೊಡನೆ ಉರಿಯನ್ನು ಅತಿ ಸಣ್ಣದು ಮಾಡಿ, ಮುಚ್ಚಳ ಮುಚ್ಚಿ ಹನ್ನೆರಡು ನಿಮಿಷ ಬೇಯಿಸಬೇಕು. ಒಲೆ ಆರಿಸಿದ ಮೇಲೆ ಇನ್ನೂ ಹತ್ತು ನಿಮಿಷ ಮುಚ್ಚಳ ತೆರೆಯಬಾರದು. ಅಕ್ಕಿ ಹಳೆಯದಾಗಿದ್ದರೆ ಕಾಲು ಕಪ್ ನೀರು ಹೆಚ್ಚು ಹಿಡಿಸೀತು.

ಅನ್ನ ಬೇಯುವಷ್ಟರಲ್ಲಿ ಮೂರು ದೊಡ್ಡ ಚಮಚ ರೈಸ್ ವಿನೆಗರ್, ಒಂದೂವರೆ ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪನ್ನು ಸೇರಿಸಿ, ಕುದಿಸದೆ, ಸಕ್ಕರೆ ಕರಗುವಷ್ಟು ಮಾತ್ರ ಬೆಚ್ಚಗೆ ಮಾಡಿ ಇಟ್ಟುಕೊಳ್ಳಬೇಕು. ಉಪ್ಪಿನಕಾಯಿಗೆ ತರುವ ಬಿಳಿಯ ವಿನೆಗರ್ ಮೂಗಿಗೆ ಹೊಡೆಯುವಷ್ಟು ತೀಕ್ಷ್ಣವಾದದ್ದರಿಂದ ಅದನ್ನು ಎರಡೇ ಚಮಚ ತೆಗೆದುಕೊಂಡು ಒಂದು ಚಮಚ ನೀರು ಬೆರೆಸಬೇಕು. ಲಿಂಬೆರಸವೂ ಆಗುತ್ತದೆ, ಆದರೆ ಅದನ್ನು ಬಿಸಿಮಾಡಬಾರದು. ಹುಣಸೆಹುಳಿ ಮಾತ್ರ ಬೇಡ. ಅನ್ನ ಕಂದಾಗಿ ಪುಳಿಯೋಗರೆಯ ದಾರಿ ಹಿಡಿಯುತ್ತದೆ. ಬೆಂದ ಅನ್ನವನ್ನು ಅಗಲವಾದ ಪಾತ್ರೆಗೆ ಸುರಿದು, ಈ ದ್ರಾವಣವನ್ನು ಅದರ ಮೇಲೆ ಚಿಮುಕಿಸಿ, ಮರದ ಸಟ್ಟುಗವನ್ನು ಅಡ್ಡವಾಗಿ ಹೊಗಿಸಿ ಕತ್ತರಿಸುವಂತೆ ಕೆದಕಬೇಕು. ಕಲಸಿದರೆ ಅಗುಳು ಮುರಿಯುತ್ತದೆ. ಕೈತಾಕಿದರೆ ಬೆಚ್ಚಗೆನಿಸುವ ಹದಕ್ಕೆ ಬರಲಿ, ಪೂರ್ತಿ ಆರಬಾರದು.

ಖಾರ

ಅಂಗಡಿಯಲ್ಲಿ ಸಿಗುವ ಶ್ರೀರಾಚಾ ಎಂಬ ಥಾಯ್ ಮೂಲದ ಖಾರದ ಸಾಸನ್ನು ಬಳಸಿಯೂ ಈ ಅಡುಗೆ ಆಗುತ್ತದೆ. ನಾನು ಮನೆಯಲ್ಲಿ ಕಡೆದದ್ದನ್ನೇ ಬಳಸುತ್ತೇನೆ, ಏಕೆಂದರೆ ಬಣ್ಣವನ್ನೂ ಖಾರವನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿ ಇರಿಸಿಕೊಳ್ಳುವ ಅನುಕೂಲ ಅದರಲ್ಲಿದೆ. ಬ್ಯಾಡಗಿ ಮೆಣಸು ಗಾಢ ಕೆಂಪು ಬಣ್ಣ ಕೊಡುತ್ತದೆ, ಖಾರ ಕಡಿಮೆ. ಹಿತ್ತಿಲಿನ ಗಾಂಧಾರಿ ಮೆಣಸಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ಆರು ಬ್ಯಾಡಗಿ ಮೆಣಸುಗಳ ಬೀಜ ತೆಗೆದು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ನಾಲ್ಕು ಗಾಂಧಾರಿ ಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಚಮಚ ವಿನೆಗರ್ ಮತ್ತು ಚಿಟಿಕೆ ಉಪ್ಪಿನೊಂದಿಗೆ ನುಣ್ಣಗೆ ಕಡೆಯಬೇಕು. ಇದರಿಂದ ಮೂರು ದೊಡ್ಡ ಚಮಚದಷ್ಟು ಚಟ್ನಿ ಸಿಗುತ್ತದೆ. ಮಕ್ಕಳೂ ಉಣ್ಣುವುದಾದರೆ ಗಾಂಧಾರಿಯನ್ನು ಒಂದಕ್ಕೆ ಇಳಿಸಿ. ಬಣ್ಣ ಹಾಗೆಯೇ ಇರುತ್ತದೆ. ಕೊತ್ತಂಬರಿ, ಮೆಂತೆ, ಜೀರಿಗೆಗಳನ್ನು ಹಾಕುವ ಆಸೆಯಾಗುವುದು ಸಹಜ. ನಾನು ಹಾಕಿ ನೋಡಿದ್ದೇನೆ, ಗಸಿಯ ವಾಸನೆ ಬಂದು ಮೀನಿನ ರುಚಿ ಮರೆಯಾಯಿತು.

ಈ ಚಟ್ನಿಯ ಅರ್ಧ ಭಾಗ ಮೀನಿನ ಲೇಪಕ್ಕೆ, ಉಳಿದರ್ಧ ಬಿಳಿಯ ಸಾಸಿಗೆ ಹೋಗುತ್ತದೆ.

ಲೇಪಕ್ಕೆ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಬೆಲ್ಲದ ಹುಡಿ, ಒಂದು ಸಣ್ಣ ಚಮಚ ತುರಿದ ಶುಂಠಿ ಸೇರಿಸಿ ಕಲಕಬೇಕು. ಗೋಬಿ ಮಂಚೂರಿಗೆ ಬಳಸುವ ಕಪ್ಪು ಸೋಯಾ ಸಾಸ್ ಮೀನನ್ನು ಮಸಿಯಂತೆ ಮಾಡುತ್ತದೆ, ತೆಳು ಸೋಯಾ ಸಾಸನ್ನೇ ಕೇಳಿ ತರಬೇಕು. ಬೆಲ್ಲದ ಬದಲು ತೆಂಗಿನ ಸಕ್ಕರೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ, ನಮ್ಮವರ ಬಾಯಲ್ಲಿ ಸಿಪಿಸಿಆರ್‌ಐ, ತೆಂಗಿನ ಹೂಗೊನೆಯ ರಸವಾದ ಕಲ್ಪರಸವನ್ನೂ ಅದರಿಂದ ಸಕ್ಕರೆ ಮಾಡುವ ಕ್ರಮವನ್ನೂ ಬೆಳೆಸಿದ್ದರಿಂದ, ಅದು ನಮ್ಮ ಊರಿಗೆ ಅಪರಿಚಿತವಾದ ವಸ್ತುವಲ್ಲ. ಅದರ ಕ್ಯಾರಮೆಲಿನಂತಹ ರುಚಿ ಸೋಯಾದೊಂದಿಗೆ ಚೆನ್ನಾಗಿ ಹೊಂದುತ್ತದೆ.

ಪೂರ್ವ ಏಷ್ಯಾದ ಅಡುಗೆಗಳಲ್ಲಿ ಹುರಿದ ಎಳ್ಳಿನಿಂದ ತೆಗೆದ ಕಂದು ಬಣ್ಣದ ಎಣ್ಣೆಯನ್ನು ಕೊನೆಗೆ ಒಂದೆರಡು ತೊಟ್ಟು ಹಾಕುತ್ತಾರೆ. ನಮ್ಮ ಎಳ್ಳೆಣ್ಣೆ ಹುರಿಯದ ಎಳ್ಳಿನದಾದ್ದರಿಂದ ಆ ಪರಿಮಳ ಅದರಲ್ಲಿಲ್ಲ. ಒಂದು ದೊಡ್ಡ ಚಮಚ ಬಿಳಿ ಎಳ್ಳನ್ನು ಹೊಂಬಣ್ಣಕ್ಕೆ ಹುರಿದು, ಅರ್ಧವನ್ನು ಜಜ್ಜಿ ಒಂದು ಚಮಚ ಎಳ್ಳೆಣ್ಣೆಯಲ್ಲಿ ನೆನೆಯಲು ಬಿಟ್ಟರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

ಬಿಳಿಯ ಸಾಸ್

ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಈ ಬೋಗುಣಿಯ ಮೇಲೆ ಮೆಯೊನೀಸ್ ಹಾಕುವುದರ ಹಿಂದಿನ ತರ್ಕ ಇದು. ಅದು ಖಾರವನ್ನು ಅಳಿಸದೆ ನಾಲಿಗೆಯ ಮೇಲೆ ನಿಧಾನವಾಗಿ ಹರಡುತ್ತದೆ. ಆದರೆ ಮೆಯೊನೀಸಿನ ಮಾತು ಬಂದಾಗ ಕಾಸರಗೋಡಿನವರು ಎಚ್ಚರದಿಂದ ಇರಬೇಕಾದ ಕಾರಣಗಳಿವೆ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ಆಹಾರದ ಸೋಂಕಿನಿಂದ ತೀರಿಕೊಂಡದ್ದು ಇಲ್ಲಿ ಯಾರೂ ಮರೆತಿರುವ ಸಂಗತಿಯಲ್ಲ. 2023ರ ಜನವರಿಯಲ್ಲಿ ಕೇರಳ ಸರಕಾರವು ಹಸಿಮೊಟ್ಟೆಯ ಮೆಯೊನೀಸನ್ನು ನಿಷೇಧಿಸಿತು. ಆ ನಿಯಮ ಹೋಟೆಲುಗಳಿಗೆ ಅನ್ವಯಿಸುವಂಥದ್ದಾದರೂ, ಹಸಿಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಮನೆ, ಹೋಟೆಲು ಎಂದು ನೋಡಿ ಬರುವುದಿಲ್ಲ. ಮೊಟ್ಟೆಯಿಲ್ಲದ, ಅಥವಾ ಪಾಶ್ಚರೀಕರಿಸಿದ ಮೊಟ್ಟೆಯ ಮೆಯೊನೀಸ್ ಪೊಟ್ಟಣವನ್ನು ತಂದು, ನಾಲ್ಕು ದೊಡ್ಡ ಚಮಚಕ್ಕೆ ಉಳಿದ ಮೆಣಸಿನ ಚಟ್ನಿ ಮತ್ತು ಅರ್ಧ ಲಿಂಬೆಯ ರಸ ಬೆರೆಸಿದರೆ ಸಾಸ್ ಸಿದ್ಧ.

ನನಗೆ ಹಿಡಿಸಿದ್ದು ಗೇರುಬೀಜದ ಸಾಸ್. 50 ಗ್ರಾಂ ಗೇರುಬೀಜವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೂರು ಚಮಚ ನೀರು, ಎರಡು ಚಮಚ ಸೂರ್ಯಕಾಂತಿ ಎಣ್ಣೆ, ಉಪ್ಪು ಮತ್ತು ಲಿಂಬೆರಸ ಸೇರಿಸಿ ಬೆಣ್ಣೆಯಂತೆ ಕಡೆದು, ಬಳಿಕ ಮೆಣಸಿನ ಚಟ್ನಿ ಕಲಸಬೇಕು. ಇದಕ್ಕೆ ತೆಂಗಿನೆಣ್ಣೆ ಹಾಕಬಾರದು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಫ್ರಿಜ್ಜಿನಲ್ಲಿಟ್ಟ ಸಾಸ್ ಅರ್ಧ ಗಂಟೆಯಲ್ಲಿ ಮೇಣದಂತಾಗುತ್ತದೆ. ಸಾಸ್ ತಣ್ಣಗಿರಬೇಕು ಎಂಬುದೂ ಮುಖ್ಯ. ಬೆಚ್ಚಗಿನ ಅನ್ನ, ಬಿಸಿ ಮೀನು, ತಣ್ಣಗಿನ ಸಾಸ್ ಒಂದೇ ತುತ್ತಿನಲ್ಲಿ ಸಿಕ್ಕಿದಾಗಲೇ ಈ ಊಟಕ್ಕೆ ಅದರದ್ದೇ ಆದ ಸುಖ.

ಮೇಲೆ ಹರಡುವ ತರಕಾರಿಗಳು

ಇದರಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಒಂದು ಎಳೆಯ ಮುಳ್ಳುಸೌತೆಯನ್ನು ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ನೀರು ಹಿಂಡಬೇಕು. ಸಾಂಬಾರಿನ ಬಣ್ಣದ ಸೌತೆ ಇದಕ್ಕಾಗದು. ಒಂದು ನೀರುಳ್ಳಿಯನ್ನು ಎಳೆ ಎಳೆಯಾಗಿ ಹೆಚ್ಚಿ ವಿನೆಗರಿನಲ್ಲಿ ಅದ್ದಿಡಬೇಕು. ಬೆಣ್ಣೆಹಣ್ಣು ಹಣ್ಣಾಗಿ ಸಿಕ್ಕಿದರೆ ಒಂದು, ತುರಿದ ಕ್ಯಾರೆಟ್ ಸ್ವಲ್ಪ. ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆ ಸಿಕ್ಕಿದರೆ ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಬಡಿಸುವಾಗ ಉದುರಿಸಬಹುದು. ಮೊದಲೇ ಹಾಕಿದರೆ ಮಳೆಗಾಲದ ಹಪ್ಪಳದಂತೆ ಮೆತ್ತಗಾಗುತ್ತದೆ. ಇವೆಲ್ಲಕ್ಕಿಂತ ನನಗೆ ಅನಿವಾರ್ಯವೆನಿಸಿದ್ದು ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿ. ಅದನ್ನು ಸಣ್ಣಗೆ ಕೊಚ್ಚಿ ಬೋಗುಣಿಗೊಂದು ಚಮಚದಂತೆ ಹಾಕಿದರೆ, ಸಾಲ್ಮನ್ನಿನ ಕೊಬ್ಬನ್ನು ಅದು ಕತ್ತರಿಸುವ ರೀತಿಗೆ ಬೇರಾವ ಹುಳಿಯೂ ಸಾಟಿಯಲ್ಲ. ಹಾಕುವ ಮೊದಲು ಒಮ್ಮೆ ನೀರಿನಲ್ಲಿ ತೊಳೆಯುವುದು ಅಗತ್ಯ. ಸೋಯಾದ ಉಪ್ಪು ಈಗಾಗಲೇ ಇದೆ.

ಮೀನು ಬೇಯಿಸುವುದು

ಈಗ ಮುಖ್ಯ ಕೆಲಸ. ದೋಸೆಯ ಕಾವಲಿಯನ್ನು ಇದಕ್ಕೆ ಮುಟ್ಟಬಾರದು. ಮರುದಿನದ ನೀರುದೋಸೆಯಲ್ಲಿ ಮೀನಿನ ವಾಸನೆ ಬಂದರೆ ಮನೆಯಲ್ಲಿ ನಡೆಯುವ ವಿಚಾರಣೆಗೆ ಈ ಮಾರ್ಗದರ್ಶಿ ಹೊಣೆಯಲ್ಲ. ಅಂಟದ ಲೇಪವಿರುವ ಅಗಲ ಬಾಣಲೆ ಒಳ್ಳೆಯದು.

ಮೊದಲು ಚರ್ಮ. ಅದನ್ನು ಒರೆಸಿ ಒಣಗಿಸಿ, ಎಣ್ಣೆ ಹಾಕದ ತಣ್ಣನೆಯ ಬಾಣಲೆಯಲ್ಲಿ ಹರಡಿ, ಮೇಲಿನಿಂದ ಒಂದು ಭಾರದ ತಟ್ಟೆ ಇಟ್ಟು, ಮಧ್ಯಮ ಉರಿಯಲ್ಲಿ ಎರಡೂ ಬದಿ ಸೇರಿ ಎಂಟು ನಿಮಿಷ ಬಿಡಬೇಕು. ತನ್ನ ಕೊಬ್ಬಿನಲ್ಲಿಯೇ ಹುರಿದು ಅದು ಹಪ್ಪಳದಂತೆ ಗರಿಗರಿಯಾಗುತ್ತದೆ. ಅದನ್ನು ತೆಗೆದು ಮುರಿದಿಡಬೇಕು. ಬಾಣಲೆಯಲ್ಲಿ ಉಳಿಯುವ ಕೊಬ್ಬು ಮೀನು ಹುರಿಯಲು ಸಾಕು; ಕಡಿಮೆಯೆನಿಸಿದರೆ ಒಂದು ಸಣ್ಣ ಚಮಚ ಎಣ್ಣೆ. ಸಾಕಿದ ಅಟ್ಲಾಂಟಿಕ್ ಸಾಲ್ಮನ್ನಿನ ಹಸಿ ಮಾಂಸದಲ್ಲಿ ನೂರು ಗ್ರಾಮಿಗೆ ಸುಮಾರು 13 ಗ್ರಾಂ ಕೊಬ್ಬು ಇರುತ್ತದೆ. ಅಂಜಲಿಗೆ ಸುರಿದಂತೆ ಇದಕ್ಕೆ ಎಣ್ಣೆ ಸುರಿಯುವ ಅಗತ್ಯವೇ ಇಲ್ಲ.

ಬಾಣಲೆ ಚೆನ್ನಾಗಿ ಕಾದ ಬಳಿಕ ಮೀನಿನ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಹರಡಬೇಕು. ಸ್ಥಳ ಸಾಲದಿದ್ದರೆ ಎರಡು ಸಲಕ್ಕೆ ಮಾಡಬೇಕು. ಹಾಕಿದ ಮೇಲೆ ಒಂದೂವರೆ ನಿಮಿಷ ಅದನ್ನು ಕೆದಕಬಾರದು. ಸಾಲ್ಮನ್ನಿನ ಮಾಂಸವು ಪದರ ಪದರವಾಗಿದ್ದು, ಪದರಗಳನ್ನು ಹಿಡಿದಿಡುವ ಅಂಗಾಂಶ ಬಿಸಿಗೆ ಬೇಗ ಕರಗುತ್ತದೆ. ಬೇಗ ಮಗುಚಲು ಹೋದರೆ ತುಂಡು ಎಸಳುಗಳಾಗಿ ಒಡೆಯುತ್ತದೆ. ತಳದ ಬದಿ ಹೊಂಬಣ್ಣಕ್ಕೆ ಬಂದಾಗ ಅದು ತಾನಾಗಿ ಬಾಣಲೆಯನ್ನು ಬಿಡುತ್ತದೆ. ಮೆಲ್ಲನೆ ಮಗುಚಿ ಇನ್ನೊಂದು ಬದಿಗೆ ಮತ್ತೆ ಒಂದೂವರೆ ನಿಮಿಷ. ಈಗ ಉರಿ ಸಣ್ಣದು ಮಾಡಿ, ಮೆಣಸು, ಸೋಯಾ, ಬೆಲ್ಲದ ಲೇಪವನ್ನು ಸುರಿದು, ಬಾಣಲೆಯನ್ನೇ ಅಲುಗಿಸುತ್ತ ಅರ್ಧದಿಂದ ಒಂದು ನಿಮಿಷ ಇರಿಸಿದರೆ ಅದು ಗುಳ್ಳೆಯೆದ್ದು, ಮಂದವಾಗಿ, ತುಂಡುಗಳ ಮೈಗೆ ಮಿರುಗುವಂತೆ ಹತ್ತಿಕೊಳ್ಳುತ್ತದೆ. ಮೊದಲೇ ಈ ಲೇಪ ಹಚ್ಚಿ ಹುರಿದಿದ್ದರೆ ಬೆಲ್ಲವೂ ಬೆಳ್ಳುಳ್ಳಿಯೂ ಕರಟಿ ಕಹಿಯಾಗುತ್ತಿದ್ದವು. ಒಲೆ ಆರಿಸಿ, ಎಳ್ಳೆಣ್ಣೆ ಮತ್ತು ನಾಲ್ಕು ತೊಟ್ಟು ಲಿಂಬೆರಸ ಹಾಕಬೇಕು. ಹುಳಿ ಕೊನೆಗೇ ಬರಬೇಕು, ಏಕೆಂದರೆ ಹಸಿಮೀನಿಗೆ ಹುಳಿ ಹಚ್ಚಿಟ್ಟರೆ ಅದು ಬೆಂಕಿಗೆ ಹೋಗುವ ಮೊದಲೇ ಪ್ರೋಟೀನನ್ನು ಗಡುಸು ಮಾಡುತ್ತದೆ. ನನ್ನ ಮೊದಲ ಮೀನು ಹಿಟ್ಟುಹಿಟ್ಟಾದದ್ದು ಇದರಿಂದಲೇ.

ಬೆಂದಿದೆಯೇ ಎಂದು ತಿಳಿಯಲು ದಪ್ಪ ತುಂಡೊಂದನ್ನು ಚಮಚದಿಂದ ಒತ್ತಿ ನೋಡಬಹುದು. ಪದರಗಳು ಜಾರುತ್ತ ಬೇರೆಯಾಗಿ, ನಡುವಿನ ಬಣ್ಣ ಪಾರದರ್ಶಕ ಕಿತ್ತಳೆಯಿಂದ ಮಬ್ಬು ಗುಲಾಬಿಗೆ ತಿರುಗಿರಬೇಕು. ಅಡುಗೆಯ ಥರ್ಮಾಮೀಟರ್ ಇದ್ದವರಿಗೆ ಒಳಗಿನ ಶಾಖ 63 ಡಿಗ್ರಿ ಸೆಲ್ಸಿಯಸ್ ಎಂಬುದು ಸುರಕ್ಷಿತ ಅಳತೆ. ದೊಡ್ಡ ಹೋಟೆಲುಗಳ ಬಾಣಸಿಗರು ಇದಕ್ಕಿಂತ ಸಾಕಷ್ಟು ಮೊದಲೇ ಇಳಿಸುತ್ತಾರೆ; ಮನೆಯಲ್ಲಿ ಬಸುರಿಯರು, ವೃದ್ಧರು, ಸಣ್ಣ ಮಕ್ಕಳು ಇದ್ದರೆ ಆ ಸಾಹಸ ಬೇಡ. ಏರ್ ಫ್ರೈಯರ್ ಇರುವವರು 200 ಡಿಗ್ರಿಯಲ್ಲಿ ಆರೇಳು ನಿಮಿಷ ಇರಿಸಿ, ಲೇಪವನ್ನು ಬೇರೆಯಾಗಿ ಕುದಿಸಿ ಮಂದ ಮಾಡಿ ಮೇಲೆ ಸುರಿಯಬಹುದು.

ಜೋಡಿಸುವುದು

ನಮ್ಮಲ್ಲಿ ಬಟ್ಟಲು ಎಂದರೆ ಊಟದ ತಟ್ಟೆಯೂ ಆಗುವುದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ತಟ್ಟೆ ಬೇಡ, ಗುಂಡಿಯಿರುವ ಬೋಗುಣಿ ಬೇಕು. ತಟ್ಟೆಯಲ್ಲಿ ರಸ ಹರಿದು ಅಂಚಿಗೆ ಹೋಗುತ್ತದೆ, ಬೋಗುಣಿಯಲ್ಲಿ ಅನ್ನದೊಳಗೆ ಇಳಿಯುತ್ತದೆ. ತಳದಲ್ಲಿ ಅನ್ನ, ಒತ್ತದೆ. ಅದರ ಒಂದು ಬದಿಗೆ ಮೀನು ಮತ್ತು ಬಾಣಲೆಯಲ್ಲಿ ಉಳಿದ ರಸ, ಇನ್ನೊಂದು ಬದಿಗೆ ಮುಳ್ಳುಸೌತೆ, ನೀರುಳ್ಳಿ, ಬೆಣ್ಣೆಹಣ್ಣು, ಉಪ್ಪಿನ ಮಾವಿನಕಾಯಿ. ಮೇಲೆ ತಣ್ಣಗಿನ ಸಾಸನ್ನು ಗೆರೆಗೆರೆಯಾಗಿ ಸುರಿದು, ಹುರಿದ ಎಳ್ಳು ಮತ್ತು ಮುರಿದ ಚರ್ಮವನ್ನು ಉದುರಿಸಿ ತಕ್ಷಣ ಬಡಿಸಬೇಕು. ಎಲ್ಲರೂ ಕೈತೊಳೆದು ಕುಳಿತ ಮೇಲೆಯೇ ಮೀನನ್ನು ಬಾಣಲೆಗೆ ಹಾಕುವುದು ನನ್ನ ರೂಢಿ. ಭಾವ ಚಮಚದಲ್ಲಿ ತಿಂದರು, ಅಮ್ಮ ಎಲ್ಲವನ್ನೂ ಕೈಯಿಂದ ಕಲಸಿಕೊಂಡರು. ಕಲಸಿದ್ದೇ ಹೆಚ್ಚು ರುಚಿ ಎಂದು ನನ್ನ ಗುಟ್ಟಿನ ಅಭಿಪ್ರಾಯ.

ಸಾಲ್ಮನ್ ಸಿಗದ ದಿನ ಇದೇ ಕ್ರಮದಲ್ಲಿ ಅಂಜಲ್ ಅಥವಾ ರಾವಸ್ ಬಳಸುವುದಾದರೆ, ಎಣ್ಣೆಯನ್ನು ಒಂದೂವರೆ ದೊಡ್ಡ ಚಮಚಕ್ಕೆ ಏರಿಸಬೇಕು, ಉಪ್ಪುನೀರಿನ ಹಂತವನ್ನು ಐದು ನಿಮಿಷಕ್ಕೆ ಇಳಿಸಬೇಕು. ಬೂತಾಯಿ ಆಗದು, ಅದರ ಸಣ್ಣ ಮುಳ್ಳುಗಳನ್ನು ಅನ್ನದ ನಡುವೆ ಹುಡುಕುತ್ತ ಕುಳಿತರೆ ಊಟ ಮುಗಿಯುವುದಿಲ್ಲ.

ಉಳಿದದ್ದು

ಅನ್ನವೂ ಮೀನೂ ಉಳಿದರೆ ಎರಡು ಗಂಟೆಯೊಳಗೆ ಬೇರೆ ಬೇರೆ ಡಬ್ಬಗಳಲ್ಲಿ ಫ್ರಿಜ್ಜಿಗೆ ಸೇರಬೇಕು. ಬೇಯಿಸಿದ ಅನ್ನದಲ್ಲಿಯೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕೋಣೆಯ ಸೆಕೆಯಲ್ಲಿ ಮೊಳೆತು ವಿಷವನ್ನು ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಮರುದಿನದ ಊಟಕ್ಕೆ ಅಮೆರಿಕದ ಎಮಿಲಿ ಮರಿಕೋ ಎಂಬವರು 2021ರಲ್ಲಿ ತಮ್ಮ ಅಡುಗೆಯ ವಿಡಿಯೊ ಮೂಲಕ ಜನಪ್ರಿಯಗೊಳಿಸಿದ ಉಪಾಯ ಒಳ್ಳೆಯದು: ಉಳಿದ ಮೀನನ್ನು ಮುಳ್ಳುಚಮಚದಿಂದ ಪುಡಿಮಾಡಿ ಅನ್ನದೊಂದಿಗೆ ಬೋಗುಣಿಗೆ ಹಾಕಿ, ನಡುವೆ ಒಂದು ಮಂಜುಗಡ್ಡೆಯ ತುಂಡು ಇಟ್ಟು, ಮೇಲೆ ಅಡುಗೆ ಕಾಗದ ಮುಚ್ಚಿ ಮೈಕ್ರೋವೇವಿನಲ್ಲಿ ಒಂದೂವರೆ ಎರಡು ನಿಮಿಷ ಬಿಸಿಮಾಡುವುದು. ಮಂಜುಗಡ್ಡೆ ಪೂರ್ತಿ ಕರಗುವುದಿಲ್ಲ, ಆದರೆ ಅದರಿಂದ ಏಳುವ ಆವಿ ಗಟ್ಟಿಯಾದ ಅಗುಳುಗಳನ್ನು ಮೆತ್ತಗೆ ಮಾಡುತ್ತದೆ. ಬಿಸಿಯಾದ ಮೇಲೆ ಅದನ್ನು ಎತ್ತಿ ಎಸೆಯಬೇಕು. ಮೈಕ್ರೋವೇವ್ ಇಲ್ಲದವರು ಇಡ್ಲಿಯ ಅಟ್ಟದಲ್ಲಿ ಐದು ನಿಮಿಷ ಹಬೆಯಲ್ಲಿಟ್ಟರೂ ಅದೇ ಫಲ. ಬಿಳಿಯ ಸಾಸನ್ನು ಬಿಸಿಮಾಡಬಾರದು, ಗರಿಗರಿ ಚರ್ಮವನ್ನು ಮಾತ್ರ ಮರುದಿನಕ್ಕೆ ಉಳಿಸುವ ಯೋಚನೆಯೇ ಬೇಡ. ನಮ್ಮ ಮನೆಯಲ್ಲಿ ಅದು ಬೋಗುಣಿಯವರೆಗೆ ತಲುಪುವುದೇ ಅಪರೂಪ.